ಕೈ ಇದೆ, ಕಿವಿ ಇಲ್ಲ

ಒಬ್ಬರಿಗೆ ಸಂಗೀತ ಬರುವುದಿಲ್ಲ ಎಂದು ತೀರ್ಮಾನ ಮಾಡಲು ಎಷ್ಟು ಹೊತ್ತು ಬೇಕು? ಅಕ್ಕನ ವಿಷಯದಲ್ಲಿ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ಅವಳ ಯಜಮಾನರು ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, "ಪಾಪ, ಕೈ ಇದೆ, ಕಿವಿ ಇಲ್ಲ" ಎಂದಿದ್ದರು. ಅದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅಂದಿನಿಂದ ಅದು ಆ ಮನೆಯಲ್ಲಿ ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತುಬಿಟ್ಟಿತು. ಯಾರೂ ಅದನ್ನು ಅಲ್ಲಾಡಿಸಿ ನೋಡಲಿಲ್ಲ, ಅಕ್ಕನೂ ನೋಡಲಿಲ್ಲ.

ಅಕ್ಕ ಎಂದರೆ ಅವಳು ಯಾರಿಗೂ ಒಡಹುಟ್ಟಿದ ಅಕ್ಕ ಅಲ್ಲ. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಮೇಣ, ಪ್ಲಾಸ್ಟರು, ಅಚ್ಚು ಎಂದು ಬೆಂಚಿನ ಮುಂದೆ ಕೂತವಳು. ನಿನ್ನೆ ಮೊನ್ನೆ ಕ್ಲಿನಿಕ್ ತೆರೆದ ಡಾಕ್ಟರುಗಳಿಂದ ಹಿಡಿದು ನಿವೃತ್ತಿಗೆ ಬಂದ ಡಾಕ್ಟರುಗಳ ತನಕ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. "ಅಕ್ಕನ ಕೈಯಲ್ಲಿ ಮಾಡ್ಸಿ" ಎಂದು ಚೀಟಿಯ ಮೇಲೆ ಬರೆದು ಕಳಿಸುತ್ತಾರೆ. ಕೈ ಇದೆ ಎಂದು ಯಜಮಾನರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಯಜಮಾನರು ನಕ್ಷೆ ಕಚೇರಿಯಲ್ಲಿ ನಕ್ಷೆ ಬರೆಯುವವರು. ಅವರ ಗೆರೆ ನೇರ, ಅಕ್ಷರ ಮುದ್ದು, ಕತ್ತರಿ ಹಿಡಿದರೆ ಕಾಗದ ಕೂದಲೆಳೆಯಷ್ಟೂ ಸೊಟ್ಟ ಹೋಗುವುದಿಲ್ಲ. ಕಚೇರಿ ಬಿಟ್ಟರೆ ಅವರಿಗೆ ಗಿಟಾರು. ಬಾರಿಸುವ ಗಿಟಾರಲ್ಲ, ಬೆರಳಲ್ಲಿ ಮೀಟುವುದು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಉಳಿದ ಬೆರಳುಗಳು ಸಣ್ಣ ತಂತಿಗಳ ಮೇಲೆ ಹಾಡು ಹೇಳುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ಕೂತಿದ್ದಾರೆ ಎನ್ನಬೇಕು. ಭಾನುವಾರ ಸಂಜೆ ನಾಲ್ಕಕ್ಕೆ ಅವರ ಮನೆಯ ಹಜಾರದಲ್ಲಿ ನಾಲ್ಕು ಗಿಟಾರು ಸೇರುತ್ತವೆ. ಯಜಮಾನರದೊಂದು, ಬೀಗದ ಅಂಗಡಿಯವರದೊಂದು, ಲೈಬ್ರರಿಯವರದೊಂದು, ಕನ್ನಡಕದ ಅಂಗಡಿಯವರದೊಂದು. ಇದಕ್ಕೆ ಅವರು ಬಳಗ ಎನ್ನುತ್ತಾರೆ. ಮೂವತ್ತು ವರ್ಷದಲ್ಲಿ ಬಳಗ ನಾಲ್ಕರಿಂದ ಐದಾಗಿಲ್ಲ ಎಂಬುದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸೇರಬೇಕೆಂದು ಬಂದವರು ಬೇಕಾದಷ್ಟು ಮಂದಿ, ನಿಂತವರು ಯಾರೂ ಇಲ್ಲ.

ಅವರು ನುಡಿಸುವ ಮಟ್ಟುಗಳೆಲ್ಲ ಜನ ಹಾಡುತ್ತಿದ್ದ ಹಳೆಯ ಹಾಡುಗಳು. ದೋಣಿ ಹುಟ್ಟು ಹಾಕುವವರದು, ತೊಟ್ಟಿಲು ತೂಗುವವರದು, ಪೈರು ಕೊಯ್ಯುವವರದು. ಹಿಂದೆ ರೈಲಿನ ಸಿಗ್ನಲ್ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮುದುಕರು ಹಳ್ಳಿಹಳ್ಳಿ ತಿರುಗಿ ಅವನ್ನು ಕೇಳಿ, ಗಿಟಾರಿಗೆ ಇಳಿಸಿ, ಟ್ಯಾಬ್ ಬರೆದಿಟ್ಟಿದ್ದರು. ಟ್ಯಾಬ್ ಎಂದರೆ ಸ್ವರ ಓದಲು ಬಾರದವರಿಗೂ ತಿಳಿಯುವ ಬರಹ. ಆರು ತಂತಿಗೆ ಆರು ಗೆರೆ. ಎಲ್ಲಕ್ಕಿಂತ ಮೇಲಿನ ಗೆರೆ ಸಣ್ಣ ತಂತಿ, ಕೆಳಗಿನದು ದಪ್ಪ ತಂತಿ. ಗೆರೆಯ ಮೇಲೆ ಎರಡು ಎಂದಿದ್ದರೆ ಆ ತಂತಿಯನ್ನು ಎರಡನೆಯ ಫ್ರೆಟ್ಟಿನಲ್ಲಿ, ಎಂದರೆ ಕುತ್ತಿಗೆಯ ಎರಡನೆಯ ಲೋಹದ ಪಟ್ಟಿಯ ಹತ್ತಿರ, ಒತ್ತು, ಸೊನ್ನೆ ಎಂದಿದ್ದರೆ ಒತ್ತದೆ ಮೀಟು. ಅಷ್ಟೇ. ಬಳಗದವರು ಆ ಮುದುಕರನ್ನು ಸಿಗ್ನಲ್ ತಾತ ಎನ್ನುತ್ತಿದ್ದರು. ತಾತ ಹೋದ ಮೇಲೆ ಟ್ಯಾಬಿನ ಕಟ್ಟು ಯಜಮಾನರ ಕಪಾಟು ಸೇರಿತು. ಹೊಸದಾಗಿ ಬಂದವರಿಗೆ ಕೊಡುತ್ತಿದ್ದದ್ದು ಒಂದೇ ಹಾಳೆ, ಹುಟ್ಟು ಹಾಕುವವರ ಒಂದು ಮಟ್ಟು. ಬಳಗದವರು ಅದಕ್ಕೆ 'ಬಾಗಿಲು' ಎಂದು ಹೆಸರಿಟ್ಟಿದ್ದರು. ಅದನ್ನು ನುಡಿಸಿ ತೋರಿಸಿದವರು ಒಳಗೆ, ನುಡಿಸಲಾಗದವರು ಹೊರಗೆ.

ಮೂವತ್ಮೂರನೆಯ ವಯಸ್ಸಿನಲ್ಲಿ ಅಕ್ಕನಿಗೂ ಆ ಹಾಳೆ ಸಿಕ್ಕಿತ್ತು. ತಾನೇ ಬಾಯಿಬಿಟ್ಟು ಕೇಳಿದ್ದಳು. ಯಜಮಾನರು ಹಳೆಯ ಗಿಟಾರೊಂದನ್ನು ಶ್ರುತಿ ಮಾಡಿ ಕೊಟ್ಟು, "ನುಡ್ಸು, ನೋಡೋಣ" ಎಂದರು. ನಾಲ್ಕು ತಿಂಗಳು, ಲ್ಯಾಬಿನಿಂದ ಬಂದು, ಕೈಗೆ ಹತ್ತಿದ ಪ್ಲಾಸ್ಟರು ತೊಳೆದು, ಊಟದ ಮೇಜಿನ ಮುಂದೆ ಕೂತು ಅವಳು ಅಂಕಿ ತಪ್ಪದೆ ಮೀಟಿದಳು. ಅದು ಹಾಡಾಗಲೇ ಇಲ್ಲ. ನಾಲ್ಕು ಸ್ವರ ಸರಿಯಾಗಿ ಬರುತ್ತಿದ್ದವು, ಐದನೆಯದು ಕಲ್ಲು ಕಚ್ಚಿದಂತೆ ಕೇಳುತ್ತಿತ್ತು. ಏಳು ವರ್ಷದ ಮಗ ಕಿವಿ ಮುಚ್ಚಿಕೊಂಡು, "ಅಮ್ಮ, ಸಾಕು" ಎನ್ನುತ್ತಿದ್ದ. ಕೊನೆಗೆ ಯಜಮಾನರು ಚಹಾ ಕುಡಿಯುತ್ತ ಒಂದು ಸಲ ಪೂರ್ತಿ ಕೇಳಿ ಆ ಮಾತು ಹೇಳಿದರು. ಅಕ್ಕ ಹಾಳೆಯನ್ನು ವಾಪಸು ಕೊಟ್ಟಳು. ಅಂದಿನಿಂದ ಅವಳು ಬೆಂಚಿನ ಮುಂದೆ ಗುನುಗುವುದನ್ನೂ ಬಿಟ್ಟಳು. ಜೊತೆಯವರ ಬೀಳ್ಕೊಡುಗೆಯಲ್ಲಿ ಎಲ್ಲರೂ ಸೇರಿ ಹಾಡುವಾಗ ಬರೀ ತುಟಿ ಆಡಿಸುತ್ತಿದ್ದಳು, ದನಿ ಹೊರಡಿಸುತ್ತಿರಲಿಲ್ಲ. ಇನ್ನೊಬ್ಬರ ಹಾಡು ತನ್ನಿಂದ ಕೆಡಬಾರದಲ್ಲ.

ಭಾನುವಾರ ಚಹಾ ತಂದಿಡುವಾಗ ಬಳಗದಲ್ಲಿ ಯಾರಾದರೂ, "ಕೂತ್ಕೊಳ್ಳಿ ಅಕ್ಕ, ಕೇಳಿ" ಎಂದರೆ ಯಜಮಾನರು ನಗುತ್ತ, "ಅವಳಿಗೇನ್ ಕೇಳುತ್ತೆ, ಕಿವಿ ಬೇಕಲ್ಲ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಈಗ ನೆನೆಸಿಕೊಂಡರೆ ಅವಳಿಗೆ ಹೆಚ್ಚು ಮೈ ಉರಿಯುವುದು ಅವರ ನಗುವಿಗಲ್ಲ, ತನ್ನ ನಗುವಿಗೆ.

ಹೋದ ವರ್ಷ ಸೊಸೆ ಬಂದಳು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೌಂಟರಿನವಳು, ಇಡೀ ದಿನ ಜನರ ಗಂಟುಮೂಟೆ ತೂಗಿ ಮುದ್ರೆ ಒತ್ತುವವಳು. ಮಾವನವರು ನುಡಿಸುವುದನ್ನು ಕೇಳಿದ ಮೊದಲ ಭಾನುವಾರವೇ ಮರುಳಾದಳು. ಗಂಡನ ತಲೆ ತಿಂದು ಒಂದು ಗಿಟಾರು ತರಿಸಿಕೊಂಡಳು. ಜಾಲತಾಣಗಳಲ್ಲಿ ಹುಡುಕಿ ಹುಡುಕಿ ಸುಲಭದ ಟ್ಯಾಬ್‌ಗಳನ್ನು ಇಳಿಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬೆಳಗ್ಗೆ ಆರಕ್ಕೆ ಎದ್ದು, ಕೂದಲು ಒದ್ದೆ ಇರುವಾಗಲೇ ಕೂತು ಮೀಟುವಳು. ಮೊದಲು ಹೆಬ್ಬೆರಳು ಕುಂಟುತ್ತಿತ್ತು. ಒಂದು ದಿನ ಅದು ತಾನಾಗಿ ನಡೆಯತೊಡಗಿತು. ಮೇಲೆ ಯಾವುದೋ ದೂರದ ಊರಿನ ತೊಟ್ಟಿಲ ಹಾಡು, ಕೆಳಗೆ ಹೆಬ್ಬೆರಳ ನಡಿಗೆ. ಸೊಸೆ ನಿಲ್ಲಿಸದೆ, ತಲೆಯೆತ್ತದೆ, "ಅತ್ತೆ, ಬಂತು, ಬಂತು ಅತ್ತೆ" ಎಂದಳು. ಮಾತಾಡಿದರೆ ಎಲ್ಲಿ ಓಡಿಹೋಗುತ್ತದೋ ಎಂಬಂತೆ ಪಿಸುದನಿಯಲ್ಲಿ. ಅಕ್ಕ ಒಲೆಯ ಮೇಲಿನ ಹಾಲು ಉಕ್ಕಿದರೂ ಅಲ್ಲಾಡದೆ ನಿಂತು ಕೇಳಿದಳು. ಅಷ್ಟು ಸಂತೋಷ ಆ ಅಡುಗೆಮನೆಗೆ ಬಂದು ಬಹಳ ದಿನವಾಗಿತ್ತು.

ಇದನ್ನು ಕೇಳಿದ ಯಜಮಾನರು, "ಪರವಾಗಿಲ್ವೇ" ಎಂದು ಸೊಸೆಗೆ 'ಬಾಗಿಲು' ಹಾಳೆ ಕೊಟ್ಟರು.

ಆರು ವಾರ ಆ ಹುಡುಗಿ ಒದ್ದಾಡಿದಳು. ಆ ಮಟ್ಟು ಬೇರೆ ಕಡೆ ಸಿಗುತ್ತದೇನೋ ಎಂದು ಊಟದ ಬಿಡುವಿನಲ್ಲೆಲ್ಲ ಫೋನಿನಲ್ಲಿ ತಡಕಾಡಿದಳು. ಎಲ್ಲೂ ಇರಲಿಲ್ಲ. ಸಿಗ್ನಲ್ ತಾತನ ಹಾಳೆಗಳು ಕಪಾಟು ಬಿಟ್ಟು ಹೋದರೆ ತಾನೇ. ಶ್ರುತಿ ನೋಡುವ ಆಪ್ ಆರೂ ತಂತಿಗೆ ಹಸಿರು ದೀಪ ತೋರಿಸುತ್ತಿತ್ತು, ಆದ್ದರಿಂದ ಗಿಟಾರಿನ ತಪ್ಪಲ್ಲ ಎಂದು ಅವಳಿಗೆ ಖಾತ್ರಿ. ಹಾಳೆ ಮಾವ ಕೊಟ್ಟದ್ದು, ಅದರ ತಪ್ಪೂ ಅಲ್ಲ. ಉಳಿದದ್ದು ಅವಳೊಬ್ಬಳೇ.

ಒಂದು ಶನಿವಾರ ಮಧ್ಯಾಹ್ನ ಯಜಮಾನರು ಚಹಾ ಹಿಡಿದು ಅವಳೆದುರು ಕೂತರು. ಅವಳು ನುಡಿಸಿದಳು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಅಕ್ಕನಿಗೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಮಾತು.

"ಪಾಪ, ಕೈ ಇದೆ ಕಣಮ್ಮ, ಕಿವಿ ಇಲ್ಲ."

ಎದ್ದು ಚಪ್ಪಲಿ ಮೆಟ್ಟಿಕೊಂಡು ಅವರು ಹೊರಗೆ ಹೋದರು. ಅಕ್ಕ ಹಜಾರಕ್ಕೆ ಬಂದಾಗ ಸೊಸೆ ಗಿಟಾರನ್ನು ಚೀಲಕ್ಕೆ ತುರುಕುತ್ತಿದ್ದಳು, ಜಿಪ್ಪು ಸಿಕ್ಕಿಕೊಂಡಿತ್ತು. ಕಣ್ಣಲ್ಲಿ ನೀರಿರಲಿಲ್ಲ, ಆದರೆ ಮುಖ ಸಣ್ಣದಾಗಿಹೋಗಿತ್ತು.

"ಬಿಡಿ ಅತ್ತೆ. ಮಾವ ಹೇಳಿದ್ದು ಸರಿ. ನಂಗೂ ಗೊತ್ತಾಗ್ತಿತ್ತು, ಏನೋ ಸರಿ ಇಲ್ಲ ಅಂತ. ಎಲ್ಲರಿಗೂ ಎಲ್ಲಾ ಬರಬೇಕು ಅಂತೇನಿಲ್ವಲ್ಲ."

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಕೋಪ ಎಂದರೆ ಅವಳಿಗೆ ಒಮ್ಮೆಲೇ ನೆತ್ತಿಗೇರುವಂಥದಲ್ಲ, ಮೇಣ ಕರಗಿದ ಹಾಗೆ ಅಂಚಿನಿಂದ ಶುರುವಾಗುತ್ತದೆ. ಅದು ಶುರುವಾಯಿತು. ಅದರ ಜೊತೆಗೆ ಇನ್ನೊಂದು ಸಂಗತಿ ಅವಳ ತಲೆಯಲ್ಲಿ ಕೊರೆಯತೊಡಗಿತು. ಅಡುಗೆಮನೆಯಲ್ಲಿ ನಿಂತು ಕೇಳುವಾಗ, ಈಗ ಇಲ್ಲಿ ಕೆಡುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಪ್ರತಿ ಸಲವೂ ಸರಿಯಾಗಿ ಅಲ್ಲೇ ಕೆಡುತ್ತಿತ್ತು. ತಾನು ಕೆಡಿಸುತ್ತಿದ್ದ ಜಾಗದಲ್ಲೇ, ತಾನು ಕೆಡಿಸುತ್ತಿದ್ದ ರೀತಿಯಲ್ಲೇ.

ಎರಡು ವರ್ಷದ ಹಿಂದೆ ಲ್ಯಾಬಿಗೆ ಒಂದೇ ವಾರದಲ್ಲಿ ಹಲ್ಲಿನ ಎರಡು ಸೆಟ್ಟು ವಾಪಸು ಬಂದಿದ್ದವು. ಒಂದು ಮುದುಕರದು, ಒಂದು ಹೆಂಗಸಿನದು. ಎರಡೂ ಎಡಗಡೆಯ ಹಿಂದಿನ ಹಲ್ಲಿನ ಹತ್ತಿರ ಒತ್ತುತ್ತಿದ್ದವು. ಡಾಕ್ಟರುಗಳು ಆ ರೋಗಿಗಳ ದವಡೆಯನ್ನು ದೂರಿದರು. ಅಕ್ಕ ಒಪ್ಪಲಿಲ್ಲ. ಇಬ್ಬರ ಬಾಯಿ ಒಂದೇ ಕಡೆ, ಒಂದೇ ಥರ ನೋಯುವುದು ಸಾಧ್ಯವಿಲ್ಲ, ತಪ್ಪು ನಮ್ಮ ಕಡೆಯದು ಎಂದು ಹುಡುಕಿದಳು. ಮೇಲಿನ ದವಡೆ, ಕೆಳಗಿನ ದವಡೆ ಕೂರಿಸುವ ಉಪಕರಣ ಯಾರದೋ ಕೈಯಿಂದ ಬಿದ್ದು ಅದರ ಕೀಲು ಬಾಗಿತ್ತು. ಇದು ನೆನಪಾದದ್ದೇ ತಡ ಅಕ್ಕ ಸೊಸೆಯ ಕೈಯಿಂದ ಚೀಲ ಕಿತ್ತುಕೊಂಡಳು.

"ತೆಗಿ ಗಿಟಾರು."

"ಬೇಡ ಅತ್ತೆ, ಇನ್ನು ನನ್ನ ಕೈಲಾಗಲ್ಲ."

"ನಿನ್ನ ಕೈಲಾಗಬೇಕಾಗಿಲ್ಲ. ಹಾಳೆ ಕೊಡು. ಒಂದೊಂದೇ ಸ್ವರ ಮೀಟು, ನಿಧಾನಕ್ಕೆ."

ಲ್ಯಾಬಿನಲ್ಲಿ ಸೆಟ್ಟು ಎಲ್ಲಿ ಒತ್ತುತ್ತದೆ ಎಂದು ನೋಡಲು ಒಂದು ಉಪಾಯವಿದೆ. ಕೆಂಪು ಬಣ್ಣದ ತೆಳು ಕಾಗದ ಇಟ್ಟು ಹಲ್ಲನ್ನು ಕಚ್ಚಿಸಿದರೆ ಒತ್ತುವ ಕಡೆ ಮಾತ್ರ ಕೆಂಪು ಚುಕ್ಕೆ ಮೂಡುತ್ತದೆ, ಅಲ್ಲಷ್ಟೇ ಉಜ್ಜಿದರೆ ಸಾಕು. ಅಕ್ಕ ಕೈಚೀಲದಿಂದ ಕೆಂಪು ಪೆನ್ಸಿಲು ತೆಗೆದಳು. ಸೊಸೆ ಮೀಟಿದಂತೆ, ಕಿವಿಗೆ ಒತ್ತಿದ ಪ್ರತಿ ಸ್ವರದ ಅಂಕಿಯ ಮೇಲೆ ಒಂದು ಚುಕ್ಕೆ ಇಟ್ಟಳು. ಸರಿ ಯಾವುದು, ತಪ್ಪು ಯಾವುದು ಎಂದು ಅವಳಿಗೆ ಹೇಗೆ ಗೊತ್ತು? ಹತ್ತೊಂಬತ್ತು ವರ್ಷದ ಭಾನುವಾರಗಳೆಲ್ಲ ಅವಳು ಆ ಮಟ್ಟನ್ನು ಚಹಾ ಕುದಿಯುವ ಸದ್ದಿನ ಜೊತೆ ಕೇಳಿಸಿಕೊಂಡಿದ್ದಳು. ಅದರ ಒಂದೊಂದು ತಿರುವೂ ಅವಳಿಗೆ ಬಾಯಿಪಾಠವಾಗಿತ್ತು. ಬಾಯಿ ತೆರೆದಿರಲಿಲ್ಲ, ಅಷ್ಟೇ.

ಹಾಳೆ ಮುಗಿದಾಗ ಇಬ್ಬರೂ ಅದನ್ನೇ ನೋಡುತ್ತ ಕೂತರು. ನಡುವಿನ ಮೂರು ಗೆರೆಗಳ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಚುಕ್ಕೆಗಳೆಲ್ಲ ಮೇಲಿನ ಎರಡು ಗೆರೆ ಮತ್ತು ತೀರಾ ಕೆಳಗಿನ ಗೆರೆಯ ಮೇಲೆ ಸಾಲಾಗಿ ಕೂತಿದ್ದವು.

"ಮೂರು ತಂತಿ" ಎಂದಳು ಅಕ್ಕ. "ತಪ್ಪು ಇರೋದು ಈ ಮೂರು ತಂತೀಲಿ. ನೀನು ಎಲ್ಲಿ ಒತ್ತಿದ್ರೂ ತಪ್ಪೇ ಬರುತ್ತೆ, ಯಾಕಂದ್ರೆ ಆ ತಂತಿಗಳ ಶ್ರುತೀನೇ ಬೇರೆ ಇರಬೇಕು."

ಸೊಸೆ ಎದ್ದು ಫ್ರಿಜ್ಜಿನ ಹತ್ತಿರ ಓಡಿದಳು. ಅಲ್ಲಿದ್ದ ಟ್ಯಾಬ್‌ಗಳಲ್ಲಿ ಒಂದನ್ನು ಕಿತ್ತು ತಂದಳು. ಹಾಳೆಯ ಮೇಲ್ತುದಿಯಲ್ಲಿ, ಹಾಡಿನ ಹೆಸರಿನ ಕೆಳಗೆ, ಸಣ್ಣಕ್ಷರದ ಒಂದು ಸಾಲಿತ್ತು. ಯಾವ ತಂತಿ ಯಾವ ಸ್ವರಕ್ಕೆ ಇರಬೇಕು ಎಂದು ಹೇಳುವ ಸಾಲು.

"ಇದು ಎಲ್ಲಾದರ ಮೇಲೂ ಇರುತ್ತೆ ಅತ್ತೆ. ಎಲ್ಲಾದರಲ್ಲೂ ಮಾಮೂಲಿ ಶ್ರುತೀನೇ ಇರೋದ್ರಿಂದ ನಾನು ಓದೋದೇ ಬಿಟ್ಟಿದ್ದೆ. ಮಾವನ ಹಾಳೇಲಿ ಆ ಸಾಲೇ ಇಲ್ಲ."

ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರು. 'ಬಾಗಿಲು' ಹಾಳೆ ಎರಡು ಬೆರಳಗಲ ಗಿಡ್ಡ. ಮೇಲಿನ ಅಂಚು ಕೂದಲೆಳೆಯಷ್ಟೂ ಸೊಟ್ಟ ಹೋಗಿರಲಿಲ್ಲ.

ಅಕ್ಕ ದಪ್ಪ ತಂತಿಯ ಬಿರಡೆ ಹಿಡಿದು, "ಮೀಟ್ತಾ ಇರು" ಎಂದಳು. ತಂತಿ ನರಳುತ್ತ ಇಳಿಯಿತು. ಭಾನುವಾರಗಳಲ್ಲಿ ಕೇಳುತ್ತಿದ್ದ ಆ ಮೊದಲ ಆಳದ ಸ್ವರ ಬಂದ ತಕ್ಷಣ ಕೈ ತಾನಾಗಿ ನಿಂತಿತು. ಆಮೇಲೆ ಮೇಲಿನ ಎರಡು ಸಣ್ಣ ತಂತಿಗಳು. ಸೊಸೆ ಆಪ್ ತೆರೆದು ನೋಡಿದಳು. ಮೂರೂ ತಂತಿ ಸರಿಯಾಗಿ ಒಂದೊಂದು ಸ್ವರ ಕೆಳಗೆ ಇಳಿದಿದ್ದವು, ಎಳ್ಳಷ್ಟೂ ಆಚೀಚೆ ಇಲ್ಲ.

"ಈಗ ನುಡ್ಸು" ಎಂದಳು ಅಕ್ಕ.

ಸೊಸೆ ನುಡಿಸಿದಳು. ಅದೇ ಅಂಕಿ, ಅದೇ ಬೆರಳು. ದೋಣಿ ನೀರಿಗಿಳಿಯಿತು. ಹೆಬ್ಬೆರಳು ಹುಟ್ಟು ಹಾಕಿತು, ಮೇಲೆ ಹಾಡು ತೇಲಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹುಡುಗಿ ಅಳುತ್ತಿದ್ದಳು. ಅಕ್ಕ ಅಳಲಿಲ್ಲ. ಅವಳಿಗೆ ಅಳು ಬರುವ ಜಾಗದಲ್ಲೆಲ್ಲ ಕೋಪ ತುಂಬಿಕೊಂಡಿತ್ತು.

ಯಜಮಾನರು ಬಾಗಿಲು ತಳ್ಳಿಕೊಂಡು ಬಂದದ್ದು ಆಗ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತು ಕೇಳಿದರು. ಮುಖ ಅರಳಿತು.

"ಅರೆ, ಕಂಡ್ಹಿಡಿದೆಯಾ? ಭಲೇ. ನಾನು ಅಂದ್ಕೊಂಡೇ ಇದ್ದೆ."

"ಅವಳಲ್ಲ" ಎಂದಳು ಅಕ್ಕ. "ನಾನು."

"ನೀನಾ?"

"ಆ ಸಾಲು ಯಾಕೆ ಕತ್ತರಿಸಿದ್ರಿ?"

ಯಜಮಾನರು ಇನ್ನೊಂದು ಚಪ್ಪಲಿಯನ್ನು ನಿಧಾನವಾಗಿ ಬಿಟ್ಟರು. "ಅದು ಬಳಗದ ಪದ್ಧತಿ ಕಣೇ. ತಾತನ ಕಾಲದಿಂದ ಬಂದದ್ದು. ಟ್ಯಾಬ್ ಕೊಡೋದು, ಶ್ರುತಿ ಹೇಳದೆ ಇರೋದು. ನಿಜವಾಗ್ಲೂ ಕಿವಿ ಇದ್ದೋನು ಹುಡುಕ್ಕೊಂಡು ಬರ್ತಾನೆ. ಇಲ್ಲದೋನು ಹೋಗ್ತಾನೆ. ಅದೊಂದು ಪರೀಕ್ಷೆ."

"ಪರೀಕ್ಷೆ ಅಂತ ಹೇಳಿದ್ರಾ?"

"ಹೇಳಿದ್ರೆ ಪರೀಕ್ಷೆ ಹೇಗಾಗುತ್ತೆ?"

"ನಂಗೆ ಹತ್ತೊಂಬತ್ತು ವರ್ಷದ ಹಿಂದೆ ಕೊಟ್ಟಿದ್ದೂ ಕತ್ತರಿಸಿದ ಹಾಳೇನೇ?"

ಯಜಮಾನರು ಕುರ್ಚಿಯ ಬೆನ್ನು ಸವರಿದರು. ಸುಳ್ಳು ಹೇಳುವ ಮನುಷ್ಯ ಅವರಲ್ಲ, ಅದೇ ದೊಡ್ಡ ತಾಪತ್ರಯ. "ಒಂದು ತಿಂಗಳು ನೋಡಿ ನಿಂಗೆ ಹೇಳ್ಬೇಕು ಅಂತಲೇ ಇದ್ದೆ ಕಣೇ. ಆಮೇಲೆ ಕಚೇರೀಲಿ ಏನೋ ಗಡಿಬಿಡಿ ಇತ್ತು. ಅಷ್ಟರಲ್ಲಿ ನೀನೇ ಬಿಟ್ಟುಬಿಟ್ಟೆ. ನಾನು ಮರೆತೇಬಿಟ್ಟೆ."

ಬೇಕೆಂದೇ ಮಾಡಿದೆ ಎಂದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳೇನೋ. ಬೇಕೆಂದು ಮಾಡುವವರು ಕೊನೇಪಕ್ಷ ನಮ್ಮನ್ನು ನೆನಪಲ್ಲಿ ಇಟ್ಟುಕೊಂಡಿರುತ್ತಾರೆ. ಮರೆತೆ ಎನ್ನುವ ಮಾತಿಗೆ ಅವಳ ಒಳಗೆ ಏನೋ ಕಿತ್ತು ಬಂತು. ಛತ್ರಿ ಮರೆಯಬಹುದು, ಹಾಲಿನ ಪಾಕೀಟು ಮರೆಯಬಹುದು. ಒಬ್ಬಳ ಬಾಯಿಂದ ಹಾಡು ಕಸಿದುಕೊಂಡದ್ದನ್ನು ಮರೆತು, ಅದರ ಮೇಲೆ ಭಾನುವಾರ ಭಾನುವಾರ ತಮಾಷೆ ಬೇರೆ ಮಾಡುವುದೇ? ಅವಳು ಎದ್ದು, ಅಟ್ಟದ ಮೇಲೆ ದೂಳು ಹಿಡಿದಿದ್ದ ಆ ಹಳೆಯ ಗಿಟಾರನ್ನು ಇಳಿಸಿದಳು. ಸೊಸೆಯನ್ನು ಕರೆದುಕೊಂಡು ಪೇಟೆಗೆ ಹೋಗಿ ಹೊಸ ತಂತಿ ಹಾಕಿಸಿಕೊಂಡು ಬಂದಳು. ಅಂದು ಸಂಜೆ ಯಜಮಾನರು ತಾವೇ ಅನ್ನ ಬಡಿಸಿಕೊಂಡು ಉಂಡರು.

ಭಾನುವಾರ ನಾಲ್ಕಕ್ಕೆ ಬಳಗ ಸೇರಿತು. ಚಹಾದ ತಟ್ಟೆ ಹಿಡಿದು ಬಂದದ್ದು ಸೊಸೆ. ಅವಳ ಹಿಂದೆ ಅಕ್ಕ ಗಿಟಾರು ಹಿಡಿದು ಬಂದಳು, ಒಂದು ಕುರ್ಚಿ ಎಳೆದು ನಡುವೆ ಹಾಕಿಕೊಂಡು ಕೂತಳು. ಬೀಗದವರು ನಕ್ಕು, "ಏನಕ್ಕಾ, ಇವತ್ತು ಸಂಗೀತ ಕಚೇರಿನಾ?" ಎಂದರು. ಯಜಮಾನರು ನಗಲಿಲ್ಲ.

ಅಕ್ಕ ಗಿಟಾರನ್ನು ಮಾಮೂಲಿ ಶ್ರುತಿಯಲ್ಲೇ ತಂದಿದ್ದಳು. ಎಲ್ಲರೂ ನೋಡುತ್ತಿದ್ದಂತೆ ದಪ್ಪ ತಂತಿಯ ಬಿರಡೆ ಹಿಡಿದಳು. "ಇದು ಒಂದು ಸ್ವರ ಕೆಳಗೆ" ಎಂದಳು, ತಂತಿ ಇಳಿಸಿದಳು. "ಇದು ಒಂದು ಸ್ವರ. ಇದೂ ಒಂದು ಸ್ವರ." ಆಪ್ ಇಲ್ಲ, ಬೇರೆ ಗಿಟಾರಿನ ನೆರವಿಲ್ಲ. ಲೈಬ್ರರಿಯವರು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದರು, ಹೊರಗಿನವರು ಯಾರಾದರೂ ಕೇಳಿಸಿಕೊಂಡಾರು ಎಂಬಂತೆ.

"ಇದನ್ನ ಕಂಡುಹಿಡಿಯೋಕೆ ನಿಮಗೆ ಎಷ್ಟು ದಿನ ಬೇಕಾಯ್ತು?" ಎಂದು ಅಕ್ಕ ಬೀಗದವರನ್ನು ಕೇಳಿದಳು. ಅವಳು ಕೇಳಿದ್ದು ನಿಜವಾಗಿ ತಿಳಿದುಕೊಳ್ಳಲೆಂದೇ. ಇವರೆಲ್ಲ ಹುಡುಕಿದ್ದನ್ನು ತಾನು ನಾಲ್ಕು ತಿಂಗಳಲ್ಲಿ ಯಾಕೆ ಹುಡುಕಲಿಲ್ಲ ಎಂಬ ಮುಳ್ಳು ಇನ್ನೂ ಒಳಗೆ ಚುಚ್ಚುತ್ತಿತ್ತು.

ಬೀಗದವರು ಚಹಾ ಊದಿದರು. ಆರಿದ ಚಹಾವನ್ನೇ ಮತ್ತೆ ಊದಿದರು. "ಈಗ ಯಾಕಕ್ಕ ಅದೆಲ್ಲ" ಎಂದರು. ಅಕ್ಕ ನೋಡುತ್ತಲೇ ಇದ್ದಳು. "ನಿಜ ಹೇಳ್ಬೇಕು ಅಂದ್ರೆ, ಕನ್ನಡಕದವರು ಹೇಳಿದ್ರು. ಎರಡನೇ ವಾರ. ಒಂದು ಬೀರುವಿನ ಬೀಗ ತೆಗೆದುಕೊಟ್ಟಿದ್ದೆ, ಆ ಸಲಿಗೆಗೆ."

"ನಾನು ಸೂಚನೆ ಕೊಟ್ಟೆ ಅಷ್ಟೇ" ಎಂದರು ಕನ್ನಡಕದವರು, ಮುಖ ಹುಳ್ಳಗೆ ಮಾಡಿಕೊಂಡು.

"ನಿಮಗೆ?"

"ನಂಗೆ ಇವರು" ಎಂದು ಅವರು ಲೈಬ್ರರಿಯವರ ಕಡೆ ಕೈ ಮಾಡಿದರು. ಲೈಬ್ರರಿಯವರು ಕೆಮ್ಮಿದರು. ಅವರಿಗೆ ಹೇಳಿದ್ದು ಯಜಮಾನರು. ಒಂದು ಭಾನುವಾರ, ಇದೇ ಹಜಾರದಲ್ಲಿ, ಅವರ ಒದ್ದಾಟ ನೋಡಲಾಗದೆ.

ಒದ್ದಾಟ ನೋಡಲಾಗದೆ. ಅಕ್ಕನಿಗೆ ಆ ಮಾತು ಕಪಾಳಕ್ಕೆ ಬಾರಿಸಿದಂತಾಯಿತು. ಲೈಬ್ರರಿಯವರದಾದರೆ ಯಜಮಾನರಿಗೆ ನೋಡಲಾಗಲಿಲ್ಲ, ನಾಲ್ಕು ತಿಂಗಳು ತನ್ನ ಒದ್ದಾಟವನ್ನು ಚಹಾ ಕುಡಿಯುತ್ತ ನೋಡಿದರು.

"ನಿಮಗೆ ಯಾರು ಹೇಳಿದ್ರು?" ಎಂದು ಅವಳು ಗಂಡನನ್ನು ಕೇಳಿದಳು.

ಯಜಮಾನರು ತಮ್ಮ ಗಿಟಾರಿನ ತಲೆಯನ್ನು ಒರೆಸಿದರು.

"ಅಜ್ಜಿ" ಎಂದರು. "ತಾತನ ಹೆಂಡತಿ. ತಾತ ಡ್ಯೂಟಿಗೆ ಹೋಗಿದ್ದಾಗ ನನ್ನ ಕರೆದು, ಇದ್ಯಾಕಪ್ಪ ಹೀಗೆ ಸಾಯ್ತೀಯ ಅಂತ ಹೇಳಿಕೊಟ್ರು. ಯಾರಿಗೂ ಹೇಳ್ಬೇಡ ಅಂದಿದ್ರು."

"ಅಂದ್ರೆ" ಎಂದಳು ಸೊಸೆ, ತಟ್ಟೆ ಹಿಡಿದು ನಿಂತಲ್ಲಿಂದಲೇ, "ನಿಮ್ಮಲ್ಲಿ ಯಾರೂ ಪಾಸಾಗಿಲ್ಲ. ಮೂವತ್ತು ವರ್ಷದಲ್ಲಿ ಕಿವಿಯಿಂದ ಹುಡುಕಿದ್ದು ಅತ್ತೆ ಒಬ್ರೇ."

ಬಂದು ಹೋದ ಎಷ್ಟೋ ಜನ, ಯಾರ ಸಲಿಗೆಯೂ ಇಲ್ಲದವರು, ತಮಗೆ ಕಿವಿ ಇಲ್ಲ ಎಂದುಕೊಂಡು ಗಿಟಾರು ಮೂಲೆಗೆಸೆದು ಎಲ್ಲೆಲ್ಲೋ ಇದ್ದಾರೆ. ಈ ನಾಲ್ವರು ಇನ್ನೊಬ್ಬರ ಪಿಸುಮಾತಿನಿಂದ ಒಳಗೆ ಬಂದು, ಒಳಗಿನಿಂದ ಅಗುಳಿ ಹಾಕಿಕೊಂಡು, ಅದಕ್ಕೆ ಪದ್ಧತಿ ಎಂದು ಹೆಸರಿಟ್ಟು ಕೂತಿದ್ದರು.

"ನಾನು ಈ ಟ್ಯಾಬನ್ನ ನೆಟ್ಟಿಗೆ ಹಾಕ್ತೀನಿ ಮಾವ" ಎಂದಳು ಸೊಸೆ. "ಶ್ರುತಿಯ ಸಾಲು ಸಮೇತ. ನನ್ನ ಥರ ಹುಡುಕೋರಿಗೆ ಸಿಗಲಿ."

"ಅದು ಬಳಗದ್ದಮ್ಮ" ಎಂದರು ಲೈಬ್ರರಿಯವರು ಮೆಲ್ಲಗೆ.

"ದೋಣಿಯವರದು" ಎಂದಳು ಅಕ್ಕ. "ಅವರೇನು ಸಾಲು ಕತ್ತರಿಸಿ ಹಾಡಿರಲಿಲ್ಲ. ನೀನು ಹಾಕಮ್ಮ, ಕಟ್ಟಲ್ಲಿರೋದನ್ನೆಲ್ಲ ಹಾಕು."

ಅವಳು ನುಡಿಸಲು ಶುರುಮಾಡಿದಳು. ಅಂಕಿ ನೋಡುವ ಅಗತ್ಯ ಇರಲಿಲ್ಲ. ಹೆಬ್ಬೆರಳು ಮರೆತಿರಲಿಲ್ಲ. ಮೊದಲ ಸಾಲು ಬಂತು, ಎರಡನೆಯದು ತಡವರಿಸಿ ಬಂತು. ಮೂರನೆಯ ಸಾಲಿನಲ್ಲಿ ಎಡಗೈಯ ಉಂಗುರದ ಬೆರಳು ಚಾಚಿ ಒತ್ತಬೇಕಾದ ಒಂದು ಸ್ವರವಿದೆ, ಇಡೀ ಮಟ್ಟಿನ ಎತ್ತರದ ಸ್ವರ. ಅಲ್ಲಿ ಅವಳ ಕೈ ನಿಂತಿತು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲೇ ನಿಂತಿತು.

ಯಜಮಾನರಿಗೆ ಉಸಿರಾಡಲು ಒಂದು ಸಂದಿ ಸಿಕ್ಕಿದಂತಾಯಿತು. ಎಷ್ಟೋ ದಿನದಿಂದ ಬಳಸದಿದ್ದ ಮೃದು ದನಿಯಲ್ಲಿ, "ಹೋಗ್ಲಿ ಬಿಡೇ, ಆಗಿದ್ದಾಯ್ತು. ಈಗ ಗೊತ್ತಾಯ್ತಲ್ಲ, ಕಲಿ. ನಾನೇ ಹೇಳಿಕೊಡ್ತೀನಿ. ಟೈಮೇನು ಓಡಿಹೋಗಿಲ್ಲ" ಎಂದರು.

ಅಕ್ಕ ಎಡಗೈ ಎತ್ತಿ ಅವರ ಮುಂದೆ ಹಿಡಿದಳು. ಉಂಗುರದ ಬೆರಳಿನ ಗೆಣ್ಣು ಊದಿ ಗಂಟಾಗಿತ್ತು. ಮಡಿಸಲು ನೋಡಿದಳು, ಅರ್ಧಕ್ಕೆ ನಿಂತಿತು. ಇಪ್ಪತ್ತೊಂಬತ್ತು ವರ್ಷ ಅಚ್ಚು ಒತ್ತಿ ಒತ್ತಿ ಅದು ಹಾಗಾಗಿತ್ತು. ಆ ಕೈ ದಿನಾ ಅವರಿಗೆ ಬಡಿಸುತ್ತಿತ್ತು, ಅವರು ಅದನ್ನು ನೋಡಿದ್ದು ಈಗ.

"ಆಗ ಈ ಬೆರಳು ಬಗ್ತಿತ್ತು ರೀ" ಎಂದಳು.

ಅಕ್ಕ ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ನಿಲ್ಲಲಿಲ್ಲ. ಆ ಒಂದು ಸ್ವರವನ್ನು ಬಿಟ್ಟು, ಅದರ ಜಾಗವನ್ನು ಖಾಲಿ ಇಟ್ಟು, ಕೊನೆಯ ತನಕ ನುಡಿಸಿದಳು. ಮತ್ತೆ ನುಡಿಸಿದಳು. ಆ ಖಾಲಿ ಜಾಗ ಬಂದಾಗಲೆಲ್ಲ ಅವಳು ತಲೆಯೆತ್ತಿ ಗಂಡನ ಮುಖ ನೋಡಿದಳು.